ಕುಂಡದ ನಿಂಬೆ ಗಿಡ: ಹೊಸ ಎಲೆ ಹಳದಿ, ನರ ಹಸಿರು

ನಿಂಬೆ ಗಿಡದ ಹೊಸ ಎಲೆ ಹಳದಿಯಾಗಿದೆ, ಯೂರಿಯಾ ಹಾಕಲೇ ಎಂದು ಕೇಳಿದ್ದೀರಿ. ಇದು ಬಹುತೇಕ ಕಬ್ಬಿಣದ ಕೊರತೆ. ದಯವಿಟ್ಟು ಯೂರಿಯಾ ಹಾಕಬೇಡಿ, ಅದು ಸಾರಜನಕದ ಗೊಬ್ಬರ. ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆಗಳು ಮೊದಲು ಇಡಿಯಾಗಿ ಹಳದಿಯಾಗುತ್ತವೆ. ನಿಮ್ಮ ಗಿಡದಲ್ಲಿ ತುದಿಯ ಎಳೆ ಎಲೆಗಳು ಬಿಳಚಿಕೊಂಡು, ನರಗಳು ಮಾತ್ರ ಹಸಿರು ಬಲೆಯಂತೆ ಉಳಿದಿವೆ. ಗಡಸು ಬೋರ್‌ವೆಲ್ ನೀರು, ಅದರ ಮೇಲೆ ಒಲೆಯ ಬೂದಿ ಎಂದಿದ್ದೀರಿ. ಎರಡೂ ಮಣ್ಣನ್ನು ಕ್ಷಾರೀಯವಾಗಿಸುತ್ತವೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ.

ಮೊದಲು ಬೂದಿ ನಿಲ್ಲಿಸಿ. ನಂತರ ಬೆರಳಿನಷ್ಟು ಆಳಕ್ಕೆ ಮಣ್ಣು ಕೆದಕಿ ಮೂಸಿ ನೋಡಿ. ಜವುಗಾಗಿ ಕೊಳೆತ ವಾಸನೆ ಬಂದರೆ ಕುಂಡದ ತೂತು ಕಟ್ಟಿಕೊಂಡಿರಬಹುದು. ಬೇರು ಉಸಿರುಗಟ್ಟಿದರೂ ಎಲೆ ಹೀಗೆಯೇ ಆಗುತ್ತದೆ, ಆದ್ದರಿಂದ ತೂತು ಬಿಡಿಸಿ, ಮಣ್ಣು ಆರಲು ಬಿಟ್ಟು ಮುಂದುವರಿಯಿರಿ.

ಒಂದು ಲೀಟರ್ ಮಳೆನೀರು ಅಥವಾ ಫಿಲ್ಟರ್ ನೀರಿಗೆ 2 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್), ಕೆಲವು ಹನಿ ನಿಂಬೆರಸ ಬೆರೆಸಿ. ಸಂಜೆ ಒಂದೇ ಕೊಂಬೆಗೆ ಸಿಂಪಡಿಸಿ, ಎರಡು ದಿನದಲ್ಲಿ ಎಲೆ ಸುಡದಿದ್ದರೆ ಇಡೀ ಗಿಡಕ್ಕೆ ಕೊಡಿ. ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕೆಳಗೆ ಚೀಲ ಹಾಸಿ. ಬುಡಕ್ಕೆ ಹಾಕುವುದಾದರೆ ಇಡಿಡಿಎಚ್‌ಎ (EDDHA) ಎಂದು ಬರೆದಿರುವ ಕಬ್ಬಿಣದ ಗೊಬ್ಬರವನ್ನೇ ಕೊಳ್ಳಿ, ಅದು ಕ್ಷಾರ ಮಣ್ಣಿನಲ್ಲೂ ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುತ್ತದೆ. ಅಗ್ಗದ ಇಡಿಟಿಎ (EDTA) ರೂಪದ ಕಬ್ಬಿಣ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಹೊಸ ಎಲೆಗಳು ಸಣ್ಣದಾಗಿ, ಕಿರಿದಾಗಿ ಗುಂಪುಗಟ್ಟಿದ್ದರೆ ಸತುವಿನ ಕೊರತೆಯೂ ಇರಬಹುದು. ನಿಮ್ಮ ವಿವರಣೆಯಿಂದ ಅದು ಖಚಿತವಾಗುವುದಿಲ್ಲ. ಹಳದಿಯಾದ ಎಲೆಗಳೆಲ್ಲ ಪೂರ್ತಿ ಹಸಿರಾಗದಿರಬಹುದು, ಮುಂದಿನ ಚಿಗುರಿನ ಬಣ್ಣ ಗಮನಿಸಿ.