ಥಂಡಿಯ ಮುಂಜಾನೆ ಮಿನಿ ಟ್ರ್ಯಾಕ್ಟರ್ ಲಿಫ್ಟ್ ಏಳುವುದಿಲ್ಲ, ಹೈಡ್ರಾಲಿಕ್ ಎಣ್ಣೆ ಬೆಳ್ಳಗಾಗಿದೆ. ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹುಮನಾಬಾದ್ ಹತ್ತಿರ ಪೇರಲ ತೋಟ, 18 ಹೆಚ್‌ಪಿಯ ಹಳೆಯ ಮಿನಿ ಟ್ರ್ಯಾಕ್ಟರ್. ನಸುಕಿನಲ್ಲಿ ಸ್ಟಾರ್ಟ್ ಮಾಡಿದರೆ ಹತ್ತು ಹದಿನೈದು ನಿಮಿಷ ಲಿಫ್ಟ್ ಏಳುವುದಿಲ್ಲ, ಪಂಪು ಕೂಗುತ್ತದೆ, ಬಿಸಿಲೇರಿದ ಮೇಲೆ ಸರಿಹೋಗುತ್ತದೆ. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಹಾಕಿದ ಚಹಾದಂತಿದೆ. ಅಂಗಡಿಯವರು 140 ನಂಬರಿನ ಗೇರ್ ಆಯಿಲ್ ಹಾಕಿ ಅಂದಿದ್ದಾರೆ. ಅಮೆರಿಕದ ವಿಡಿಯೊದಲ್ಲಿ ಬ್ಲಾಕ್ ಹೀಟರ್ (ಇಂಜಿನ್ ಬೆಚ್ಚಗಿಡುವ ಕರೆಂಟಿನ ಹೀಟರ್) ಹಾಕಿಸಿ ಅನ್ನುತ್ತಾರೆ.

ಎರಡೂ ಬೇಡ. ಬೀದರ್ ಕಡೆ ಎಳ್ಳ ಅಮಾವಾಸ್ಯೆಯ ಸುಮಾರಿಗೆ ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು, ಆದರೆ ಆ ಥಂಡಿಗೆ ಸರಿಯಾದ ಎಣ್ಣೆ ಇರುವ ಯಾವ ಟ್ರ್ಯಾಕ್ಟರೂ ಮುಷ್ಕರ ಹೂಡುವುದಿಲ್ಲ. ನಿಮ್ಮ ಗಾಡಿಯಲ್ಲಿ ಇರುವುದು ಬಹುಶಃ ನೀರು ಸೇರಿದ ಎಣ್ಣೆ, ಅದರ ಜೊತೆ ಬಹುಮಟ್ಟಿಗೆ ಕಟ್ಟಿಕೊಂಡ ಸ್ಟ್ರೈನರ್, ಅಂದರೆ ಪಂಪಿಗೆ ಹೋಗುವ ಎಣ್ಣೆ ಸೋಸುವ ಜಾಲರಿ. ಥಂಡಿ ಅದನ್ನು ಬಯಲಿಗೆ ತರುತ್ತಿದೆ, ಅಷ್ಟೆ. 140 ಹಾಕಿದರೆ ಈಗಿನ ಹದಿನೈದು ನಿಮಿಷ ಇನ್ನೂ ಉದ್ದವಾಗುತ್ತದೆ. ಪಂಪು ಎಣ್ಣೆಯನ್ನು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಅಷ್ಟಕ್ಕಷ್ಟೆ. ದಪ್ಪ ಎಣ್ಣೆ ಸಣ್ಣ ಜಾಲರಿಯ ಮೂಲಕ ಬೇಗ ಬರದಿದ್ದರೆ ಪಂಪಿನ ಬಾಯಲ್ಲಿ ನಿರ್ವಾತವಾಗಿ ಗುಳ್ಳೆಗಳು ಹುಟ್ಟುತ್ತವೆ. ಅವು ಒತ್ತಡದ ಬದಿಗೆ ಹೋಗಿ ಒಡೆಯುವ ಸದ್ದೇ ನಿಮಗೆ ಕೇಳುವ ಕೂಗು. ಒಡೆಯುವ ಪ್ರತಿ ಗುಳ್ಳೆಯೂ ಪಂಪಿನ ಒಳಮೈಯನ್ನು ಒಂದಿಷ್ಟು ಕೆರೆಯುತ್ತದೆ. ಆದ್ದರಿಂದ "ಕಾದ ಮೇಲೆ ಸರಿಯಾಗ್ತದಲ್ಲ" ಅಂತ ಈ ಸೀಸನ್ ತಳ್ಳಬೇಡಿ.

ಮೊದಲು ಬೆಳ್ಳಗಾದದ್ದು ನೀರಿನಿಂದಲೋ ಗಾಳಿಯಿಂದಲೋ ನೋಡಿ. ಕೆಲಸ ಮುಗಿದ ಕೂಡಲೆ ಒಂದು ಗಾಜಿನ ಲೋಟದಲ್ಲಿ ಎಣ್ಣೆ ತೆಗೆದಿಡಿ. ಗಾಳಿಯಾಗಿದ್ದರೆ ಅರ್ಧ ತಾಸಿನಲ್ಲಿ ಬುಡದಿಂದ ಮೇಲಕ್ಕೆ ತಿಳಿಯಾಗುತ್ತ ಬರುತ್ತದೆ. ನೀರಾಗಿದ್ದರೆ ಮರುದಿನವೂ ಬೆಳ್ಳಗೇ ಇರುತ್ತದೆ, ಇಲ್ಲವೆ ಬುಡದಲ್ಲಿ ನೀರು ಬೇರೆಯಾಗಿ ನಿಲ್ಲುತ್ತದೆ. ಇನ್ನೊಂದು ಪರೀಕ್ಷೆ ಹಳೆಯ ತವೆಯದು. ಚೆನ್ನಾಗಿ ಕಾದ ತವೆಯ ಮೇಲೆ ಎರಡು ಹನಿ ಎಣ್ಣೆ ಬಿಡಿ. ಚಟಚಟ ಸಿಡಿದರೆ ನೀರು, ಸುಮ್ಮನೆ ಹರಡಿ ಹೊಗೆಯಾಡಿದರೆ ನೀರಿಲ್ಲ. ಮುಖ ದೂರ ಇಟ್ಟುಕೊಳ್ಳಿ, ಆ ತವೆ ಮತ್ತೆ ರೊಟ್ಟಿಗೆ ಬೇಡ.

ನೀರು ಎಲ್ಲಿಂದ ಬಂತು ಎಂಬುದನ್ನು ಹುಡುಕದೆ ಎಣ್ಣೆ ಬದಲಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಹಳೆಯ ಗಾಡಿಗಳಲ್ಲಿ ಮುಖ್ಯ ಬಾಗಿಲು ಗೇರ್ ಲಿವರಿನ ಬುಡದ ರಬ್ಬರ್ ಬೂಟು. ಅದು ಹರಿದಿದ್ದರೆ ಬಯಲಲ್ಲಿ ನಿಲ್ಲಿಸಿದ ಗಾಡಿಯ ಮೇಲೆ ಬಿದ್ದ ಮಳೆ ಲಿವರಿನ ಗುಂಟ ನೇರ ಗೇರ್‌ಬಾಕ್ಸಿಗೆ ಇಳಿಯುತ್ತದೆ, ಲಿಫ್ಟಿಗೂ ಸಾಮಾನ್ಯವಾಗಿ ಅದೇ ಎಣ್ಣೆ. ಆಮೇಲೆ ಬ್ರೀದರ್ (ಒಳಗಿನ ಗಾಳಿ ಆಡುವ ಸಣ್ಣ ತೂತು): ಕಾದ ಹೌಸಿಂಗ್ (ಗೇರುಗಳಿರುವ ಕಬ್ಬಿಣದ ಪೆಟ್ಟಿಗೆ) ಮೇಲೆ ವಾಟರ್ ಸರ್ವಿಸ್ ಮಾಡಿಸಿದರೆ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗಿ, ಬ್ರೀದರಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಡಿಪ್‌ಸ್ಟಿಕ್ಕಿನ ಓ-ರಿಂಗ್ (ರಬ್ಬರ್ ಉಂಗುರ) ಮೂರನೆಯದು. ಬೂಟು, ಓ-ರಿಂಗ್ ಎರಡೂ ಕಡಿಮೆ ಬೆಲೆಯವು, ಎಣ್ಣೆಯ ಜೊತೆಗೇ ತನ್ನಿ. ಹಗಲು ಕಾದು ರಾತ್ರಿ ತಣ್ಣಗಾಗುವಾಗ ಒಳಗೆ ಕಟ್ಟುವ ತೇವವೂ ಇರುತ್ತದೆ, ಆದರೆ ಅದೊಂದರಿಂದಲೇ ಎಣ್ಣೆ ಚಹಾದ ಬಣ್ಣಕ್ಕೆ ಬರುವುದು ಅಪರೂಪ.

ಯಾವ ಎಣ್ಣೆ? ಗಾಡಿಯ ಪುಸ್ತಕ ಇದ್ದರೆ ಅದೇ ಕಡೆಯ ಮಾತು. ಇಲ್ಲದಿದ್ದರೆ ಕಂಪನಿಯ ಡೀಲರ್ ಹತ್ತಿರ ಮಾಡೆಲ್ ಹೇಳಿ ಗ್ರೇಡ್ ಬರೆಸಿಕೊಳ್ಳಿ. ಇಂಥ ಗಾಡಿಗಳಲ್ಲಿ ಗೇರ್, ಡಿಫರೆನ್ಷಿಯಲ್, ಲಿಫ್ಟ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಎಣ್ಣೆ. ಅದಕ್ಕಾಗಿಯೇ ಮಾಡಿದ್ದು ಯುಟಿಟಿಒ ದರ್ಜೆಯ ಟ್ರ್ಯಾಕ್ಟರ್ ಟ್ರಾನ್ಸ್‌ಮಿಷನ್ ಎಣ್ಣೆ. ಬ್ರೇಕು ಎಣ್ಣೆಯಲ್ಲಿ ಮುಳುಗಿರುವ ಗಾಡಿಗೆ ಇದೇ ಬೇಕು, ಬರೀ ಗೇರ್ ಆಯಿಲ್ ಹಾಕಿದರೆ ಬ್ರೇಕ್ ಕೀರಲುತ್ತದೆ, ಜಾರುತ್ತದೆ. ಡ್ರೈ ಬ್ರೇಕಿನ ಕೆಲವು ಹಳೆಯ ಗಾಡಿಗಳಿಗೆ ಎಸ್‌ಎಇ 80 ಅಥವಾ 90, ಜಿಎಲ್-4 ದರ್ಜೆ ಹೇಳಿರುತ್ತಾರೆ. ಜಿಎಲ್-5 ಕೊಟ್ಟರೆ ವಾಪಸ್ ಮಾಡಿ, ಅದರ ರಸಾಯನ ಹಿತ್ತಾಳೆ, ಕಂಚಿನ ಬುಷ್‌ಗಳನ್ನು ತಿನ್ನಬಲ್ಲದು. ಪ್ರಮಾಣ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ. ನಿಮ್ಮ ಗಾತ್ರಕ್ಕೆ 20 ಲೀಟರಿನ ಒಂದು ಬಕೆಟ್ ತಂದಿಟ್ಟುಕೊಂಡು ಡಿಪ್‌ಸ್ಟಿಕ್ ನೋಡಿ ಸುರಿಯುವುದು ಸರಿ. ಇಳಿದ ಎಣ್ಣೆಯನ್ನು ಅಳೆದು ಅಷ್ಟೇ ಹಾಕಬೇಡಿ, ಅದರಲ್ಲಿ ನೀರಿನ ಪಾಲೂ ಇದೆ.

ಇಳಿಸುವ ಕೆಲಸ ಎರಡು ಹಂತದಲ್ಲಿ ಮಾಡಿ. ರಾತ್ರಿಯಿಡೀ ಸಮತಟ್ಟು ನೆಲದಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮುಂಚೆ, ಡ್ರೈನ್ ಪ್ಲಗ್ಗನ್ನು ಎರಡು ಮೂರು ಸುತ್ತು ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಬುಡಕ್ಕೆ ಇಳಿದ ನೀರು ಮೊದಲು ಬರುತ್ತದೆ, ಎಣ್ಣೆ ಕಂಡ ಕೂಡಲೆ ಬಿಗಿ ಮಾಡಿ. ಆಮೇಲೆ ಗಾಡಿ ಓಡಿಸಿ, ಲಿಫ್ಟ್ ಆಡಿಸಿ, ಇಪ್ಪತ್ತು ನಿಮಿಷ ಬೆಚ್ಚಗೆ ಮಾಡಿ. ಕಲ್ಟಿವೇಟರ್ ಬಿಚ್ಚಿ, ಲಿಫ್ಟ್ ತೋಳುಗಳನ್ನು ಪೂರ್ತಿ ಕೆಳಗಿಳಿಸಿ ಇಂಜಿನ್ ಆಫ್ ಮಾಡಿ. ತೋಳು ಮೇಲಿದ್ದರೆ ಲಿಫ್ಟ್ ಸಿಲಿಂಡರಿನ ಹಳೆ ಎಣ್ಣೆ ಅಲ್ಲೇ ಉಳಿಯುತ್ತದೆ. ಗಾಲಿಗೆ ಕಲ್ಲು ಕೊಟ್ಟು ಈಗ ಪೂರ್ತಿ ಇಳಿಸಿ. ಪ್ಲಗ್ ಒಂದೇ ಅಂದುಕೊಳ್ಳಬೇಡಿ. ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್, ಕೆಲವು ಗಾಡಿಗಳಲ್ಲಿ ಎರಡೂ ಪಕ್ಕದ ಫೈನಲ್ ಡ್ರೈವ್, ಎಲ್ಲದರ ಬುಡ ತಡಕಿ ನೋಡಿ.

ಪ್ಲಗ್ಗಿನ ತುದಿಯಲ್ಲಿ ಆಯಸ್ಕಾಂತ ಇದ್ದರೆ ಬೆರಳಿನಿಂದ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಲೇಪ ಸಹಜ. ಉಗುರಿಗೆ ಸಿಗುವ ಚೂರು, ಗೇರ್ ಹಲ್ಲಿನ ಮೂಲೆ ಸಿಕ್ಕರೆ ಎಣ್ಣೆ ಖರ್ಚು ಮಾಡುವ ಮುಂಚೆ ಮೇಸ್ತ್ರಿಗೆ ತೋರಿಸಿ. ಹಿತ್ತಾಳೆಯ ಹೊಳಪು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಇಳಿದ ಎಣ್ಣೆಯ ತಳದಲ್ಲಿ ಹುಡುಕಬೇಕು.

ಸ್ಟ್ರೈನರನ್ನು ಡೀಸೆಲ್‌ನಲ್ಲಿ ತೊಳೆದು ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯಿರಿ. ವೇಸ್ಟ್ ನೂಲಿನಿಂದ ಒರೆಸಬೇಡಿ, ಆ ಎಳೆಗಳೇ ನಾಳೆ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಗದದ ಫಿಲ್ಟರ್ ಇದ್ದರೆ ತೊಳೆಯುವ ಮಾತೇ ಇಲ್ಲ, ಹೊಸದು ಹಾಕಿ. ಹೌಸಿಂಗಿಗೆ ಡೀಸೆಲ್ ತುಂಬಿ ಗಾಡಿ ಓಡಿಸಿ "ವಾಶ್" ಮಾಡುವ ಪದ್ಧತಿ ನಮ್ಮ ಕಡೆ ಇದೆ, ದಯವಿಟ್ಟು ಬೇಡ. ಡೀಸೆಲ್‌ಗೆ ಪಂಪನ್ನು ಕಾಯುವಷ್ಟು ಜಿಡ್ಡಿಲ್ಲ. ನಿಮ್ಮಷ್ಟು ಬೆಳ್ಳಗಾದ ಎಣ್ಣೆಗೆ ದಾರಿ ಒಂದೇ. ಅದೇ ಗ್ರೇಡಿನ ಅಗ್ಗದ ಎಣ್ಣೆಯನ್ನು ಡಿಪ್‌ಸ್ಟಿಕ್ಕಿನ ಕೆಳಗಿನ ಗುರುತಿಗೆ ತುಂಬಿ, ಲೋಡಿಲ್ಲದೆ ಅರ್ಧ ತಾಸು ಓಡಿಸಿ, ಬಿಸಿಯಿರುವಾಗಲೇ ಇಳಿಸಿ, ಸ್ಟ್ರೈನರ್ ಇನ್ನೊಮ್ಮೆ ತೊಳೆದು ಒಳ್ಳೆಯ ಎಣ್ಣೆ ಹಾಕುವುದು. ದುಬಾರಿ ಅನಿಸಿದರೂ ಪಂಪಿನ ಬೆಲೆ ಕೇಳಿ ಬಂದವರು ತಕರಾರು ಮಾಡುವುದಿಲ್ಲ.

ತುಂಬಿದ ಮೇಲೆ ಐಡಲ್‌ನಲ್ಲಿ ಬಿಟ್ಟು, ಖಾಲಿ ತೋಳುಗಳನ್ನು ಹತ್ತಾರು ಸಲ ನಿಧಾನ ಏರಿಸಿ ಇಳಿಸಿ, ಗಾಳಿ ಹೊರಬೀಳಲಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ತೋಳು ಕೆಳಗಿರುವಾಗ ಮಟ್ಟ ನೋಡಿ ಕಡಿಮೆಯಿದ್ದಷ್ಟು ಸೇರಿಸಿ. ಆಗಲೂ ಕೂಗು ಹೋಗದಿದ್ದರೆ ಪಂಪಿಗೆ ಬರುವ ಸಕ್ಷನ್ ಪೈಪನ್ನು ಅನುಮಾನಿಸಿ. ಸಕ್ಷನ್ ಬದಿಯ ಲೀಕಿನಲ್ಲಿ ಎಣ್ಣೆ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಒಣಗಿರುವ ಜೋಡಣೆಯೇ ಕಳ್ಳನಾಗಿರಬಹುದು. ಇಂಜಿನ್ ಓಡುತ್ತಿರುವಾಗ ಒಂದೊಂದೇ ಜೋಡಣೆಯ ಸುತ್ತ ಗ್ರೀಸ್ ಮೆತ್ತಿ (ಫ್ಯಾನು, ಬೆಲ್ಟಿನಿಂದ ಕೈ, ತೋಳಂಗಿ ದೂರ). ಯಾವುದಕ್ಕೆ ಮೆತ್ತಿದಾಗ ಕೂಗು ನಿಲ್ಲುತ್ತದೋ ಅದರ ಓ-ರಿಂಗ್ ಬದಲಿಸಿ. ಒತ್ತಡದ ಬದಿಯ ಪೈಪುಗಳಿಗೆ ಮಾತ್ರ ಓಡುವಾಗ ಬರಿಗೈ ಹಚ್ಚಬೇಡಿ, ಸೂಜಿಯಷ್ಟು ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಇನ್ನು ಥಂಡಿಯ ಬಗ್ಗೆ. ಸ್ಟಾರ್ಟ್ ಮಾಡುವಾಗ ಕ್ಲಚ್ ಒತ್ತಿ, ಸ್ಟಾರ್ಟರ್ ಮೋಟಾರಿಗೆ ಗೇರ್‌ಬಾಕ್ಸಿನ ದಪ್ಪ ಎಣ್ಣೆಯನ್ನೂ ಕಲಕುವ ಕೆಲಸ ತಪ್ಪುತ್ತದೆ. ಹೀಟರ್ ಪ್ಲಗ್ ಇದ್ದರೆ 15–20 ಸೆಕೆಂಡ್ ಕಾಯಿಸಿ. ಅಂಥ ಗಾಡಿಗೆ ಈಥರ್ ಸ್ಪ್ರೇ, ಪೆಟ್ರೋಲ್ ಬಟ್ಟೆ ಹಿಡಿಯಬೇಡಿ, ಒಳಗೇ ಸಿಡಿಯುತ್ತದೆ. ಐದು ನಿಮಿಷ ಐಡಲ್‌ನಲ್ಲಿಟ್ಟು, ಖಾಲಿ ಲಿಫ್ಟ್ ನಾಲ್ಕು ಸಲ ಆಡಿಸಿ ಆಮೇಲೆ ಲೋಡ್ ಕೊಡಿ. ಇಂಜಿನ್ನಿಗೆ 15ಡಬ್ಲ್ಯೂ-40 ಎಣ್ಣೆ ಸಾಕು. ನಮ್ಮ ನೀರು ಹೆಪ್ಪುಗಟ್ಟುವುದಿಲ್ಲ, ಆದರೂ ಕೂಲಂಟ್ ಬೇಕು, ತುಕ್ಕಿಗಾಗಿ ಮತ್ತು ಮೇ ತಿಂಗಳ ಬಿಸಿಗಾಗಿ. ಬೋರ್‌ವೆಲ್ ನೀರು ತುಂಬಬೇಡಿ. ಶಹಾಬಾದ್, ಸೇಡಂ ಕಡೆ ಸುಣ್ಣಕಲ್ಲಿನ ನೆಲದ ನೀರು ರೇಡಿಯೇಟರ್ ನಳಿಕೆಗಳಲ್ಲಿ ಬಿಳಿ ಪದರ ಕಟ್ಟುತ್ತದೆ.

ಡೀಸೆಲ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ದೇಶದ ಮಾನದಂಡದ ಪ್ರಕಾರ ಡೀಸೆಲ್ ಫಿಲ್ಟರಿನಲ್ಲಿ ಕಟ್ಟಿಕೊಳ್ಳತೊಡಗುವ ಉಷ್ಣಾಂಶದ ಮಿತಿ ಚಳಿಗಾಲಕ್ಕೆ 6 ಡಿಗ್ರಿ, ಬೇಸಿಗೆಗೆ 18. ಅಂದರೆ ಏಪ್ರಿಲ್‌ನಲ್ಲಿ ಡ್ರಮ್ಮಿಗೆ ತುಂಬಿಟ್ಟ ಡೀಸೆಲ್ ಜನವರಿಯ ನಸುಕಿನಲ್ಲಿ ಮಬ್ಬಾಗಿ ಫಿಲ್ಟರಿಗೆ ಅಡ್ಡ ಬರಬಹುದು. ಹಳೆ ಡೀಸೆಲ್ ಮೊದಲೇ ಖಾಲಿ ಮಾಡಿ, ಥಂಡಿಯಲ್ಲಿ ಹೊಸದು ಹಾಕಿ. ಸೀಮೆಎಣ್ಣೆ ಬೆರೆಸುವುದು ಬೇಡ, ಇಂಜೆಕ್ಷನ್ ಪಂಪು ಒಣಗಿ ಸವೆಯುತ್ತದೆ.

ಎಣ್ಣೆ ಬದಲಿಸಲು ಸರಿಯಾದ ಸಮಯ ಮಳೆ ಮುಗಿದು ಹಿಂಗಾರಿ ಬಿತ್ತನೆಯಾದ ಮೇಲೆ, ದೀಪಾವಳಿಯ ಸುಮಾರಿಗೆ. ಮಳೆಗಾಲದಲ್ಲಿ ಸೇರಿದ ನೀರು ಥಂಡಿ ಬರುವ ಮುಂಚೆ ಹೊರಗೆ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಲಿಫ್ಟ್ ಚೆನ್ನಾಗಿ ಎದ್ದು, ಇಂಜಿನ್ ಆಫ್ ಮಾಡಿದ ಕೂಡಲೆ ಸರಸರ ಇಳಿದುಬಿಟ್ಟರೆ ಅದು ಎಣ್ಣೆಯ ದೋಷವಲ್ಲ. ಸಿಲಿಂಡರಿನ ಪಿಸ್ಟನ್ ಸೀಲ್ ಸವೆದಿದೆ ಅಥವಾ ಕಂಟ್ರೋಲ್ ವಾಲ್ವ್ ಸೋರುತ್ತಿದೆ. ಲಿಫ್ಟ್ ಕವರ್ ಬಿಚ್ಚಿಸಿ ಸೀಲ್ ಕಿಟ್ ಹಾಕಿಸಿ. ಅಲ್ಲಿಯವರೆಗೆ ಎತ್ತಿದ ಕಲ್ಟಿವೇಟರ್ ಕೆಳಗೆ ಯಾರನ್ನೂ ಬಿಡಬೇಡಿ.