ವಿರಾಜಪೇಟೆಯಿಂದ ದೆಹಲಿಗೆ ಗಿನಿಪಿಗ್ ಜೋಡಿಯ ವಿಮಾನಯಾನ

ಪ್ರಶ್ನೆ: ನನ್ನ ಪತಿಗೆ ದೆಹಲಿಗೆ ವರ್ಗವಾಗಿದ್ದು, ಮೇ ತಿಂಗಳಲ್ಲಿ ಹೊರಡಬೇಕಾಗಿದೆ. ಮಗಳು ಸಾಕಿರುವ ಗಂಡು, ಹೆಣ್ಣು ಗಿನಿಪಿಗ್‌ಗಳನ್ನು ಹತ್ತಿರದ ಕಣ್ಣೂರಿನಿಂದ ವಿಮಾನದಲ್ಲಿ ಕರೆದೊಯ್ಯಬಹುದೇ? ಅರಣ್ಯ ಇಲಾಖೆಯ ಅನುಮತಿ ಬೇಕೇ? ಘಾಟಿಯಲ್ಲಿ ವಾಂತಿಯಾಗದಂತೆ ಹಿಂದಿನ ರಾತ್ರಿಯಿಂದಲೇ ಉಪವಾಸ ಇಡಬೇಕೆಂದು ನೆರೆಯವರು ಹೇಳುತ್ತಾರೆ, ಸರಿಯೇ?
— ಓದುಗರೊಬ್ಬರು, ವಿರಾಜಪೇಟೆ

ಪಶುವೈದ್ಯರ ಉತ್ತರ: ಉಪವಾಸದ ಸಲಹೆಯನ್ನು ದಯವಿಟ್ಟು ಕೈಬಿಡಿ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದೇ ಇಲ್ಲ. ಸದಾ ಮೇಯುತ್ತಿದ್ದರೆ ಮಾತ್ರ ಅದರ ಕರುಳು ಸರಿಯಾಗಿ ಚಲಿಸುತ್ತದೆ. ಅರ್ಧ ದಿನ ಹೊಟ್ಟೆ ಖಾಲಿ ಬಿದ್ದರೂ ಕರುಳಿನ ಚಲನೆ ನಿಂತು ಪ್ರಾಣಕ್ಕೇ ಸಂಚಕಾರ ಬರಬಹುದು. ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯದ ಒಣಹುಲ್ಲು ಧಾರಾಳವಾಗಿರಲಿ. ನೀರಿನ ಬಾಟಲಿ ಕುಲುಕಾಟಕ್ಕೆ ಸೋರಿ ಹಾಸನ್ನೆಲ್ಲ ತೋಯಿಸುವುದರಿಂದ, ದಾರಿಗೆಂದು ಸೌತೆಕಾಯಿಯ ಹೋಳುಗಳನ್ನು ಪೆಟ್ಟಿಗೆಯಲ್ಲೇ ಇಡಿ. ನಿದ್ದೆ ಬರಿಸುವ ಔಷಧಿ ಮಾತ್ರ ಬೇಡವೇ ಬೇಡ.

ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕಾದದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಅನುಸೂಚಿಯ ಆಫ್ರಿಕನ್ ಗ್ರೇ ಗಿಣಿ, ಇಗುವಾನಾ, ಬಾಲ್ ಪೈಥಾನ್‌ನಂತಹ ವಿದೇಶಿ ಜೀವಿಗಳನ್ನು. ಗಿನಿಪಿಗ್ ಆ ಪಟ್ಟಿಯಲ್ಲಿಲ್ಲ. (ತೋಟದಲ್ಲಿ ಸಿಕ್ಕಿದ ನಮ್ಮ ಕಾಡಿನ ಗಿಣಿಮರಿಯನ್ನು ಸಾಕುವುದೇ ಅಪರಾಧವೆಂಬುದನ್ನು ಈ ನೆಪದಲ್ಲಿ ಇತರ ಓದುಗರೂ ಗಮನಿಸಲಿ.)

ನಿಮಗೆ ಬೇಕಿರುವುದು ವಿಮಾನ ಸಂಸ್ಥೆಯ ಒಪ್ಪಿಗೆ. ಸಾಕುಪ್ರಾಣಿ ಎಂದಾಗ ಹೆಚ್ಚಿನ ಸಂಸ್ಥೆಗಳ ಲೆಕ್ಕದಲ್ಲಿ ಬರುವುದು ನಾಯಿ ಮತ್ತು ಬೆಕ್ಕು ಮಾತ್ರ. ಕೆಲವು ಸಂಸ್ಥೆಗಳಲ್ಲಿ ಅವಕ್ಕೂ ಪ್ರವೇಶವಿಲ್ಲ. ಆದ್ದರಿಂದ ನಿಮ್ಮ ಜೋಡಿ ಪ್ರಯಾಣಿಕರ ಆಸನದ ಕೆಳಗಲ್ಲದೆ ಸರಕು ವಿಭಾಗದಲ್ಲಿ ಹೋಗಬೇಕಾಗಿ ಬರುವ ಸಂಭವವೇ ಹೆಚ್ಚು. ಟಿಕೆಟ್ ಕೊಳ್ಳುವ ಮೊದಲೇ ಪ್ರಾಣಿಯ ಜಾತಿ, ತೂಕ ಮತ್ತು ಪೆಟ್ಟಿಗೆಯ ಅಳತೆಯನ್ನು ತಿಳಿಸಿ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ ಸಿಕ್ಕ ಭರವಸೆ ಕೌಂಟರಿನಲ್ಲಿ ನಿಲ್ಲುವುದಿಲ್ಲ. ನಾಯಿಗಳಿಗೆಂದು ಮುದ್ರಿಸಿದ ನಮೂನೆಯನ್ನೇ ಹಿಡಿದು ರೇಬಿಸ್ ಲಸಿಕೆಯ ಪತ್ರ ಕೇಳುವುದೂ ಉಂಟು. ಗಿನಿಪಿಗ್‌ಗೆ ಆ ಲಸಿಕೆ ಅನ್ವಯಿಸುವುದಿಲ್ಲವೆಂಬ ಒಂದು ಸಾಲನ್ನು ಪಶುವೈದ್ಯರು ಕೊಡುವ ಆರೋಗ್ಯ ಪ್ರಮಾಣಪತ್ರದಲ್ಲೇ ಬರೆಸಿಕೊಂಡರೆ ವಾದವಿವಾದ ತಪ್ಪುತ್ತದೆ. ವೈದ್ಯರ ಅದೇ ಭೇಟಿಯಲ್ಲಿ ಹೆಣ್ಣು ಗಬ್ಬವಾಗಿದೆಯೇ ಎಂದು ಪರೀಕ್ಷೆ ಮಾಡಿಸಿ. ಗಂಡಿನೊಡನೆ ಒಟ್ಟಿಗಿರುವುದರಿಂದ ಆ ಸಾಧ್ಯತೆ ದೊಡ್ಡದು, ಗಬ್ಬದ ಅವಧಿಯೋ 59ರಿಂದ 72 ದಿನ. ಗಬ್ಬವಿದ್ದರೆ ಪ್ರಯಾಣವನ್ನು ಮುಂದೂಡಬೇಕು.

ನನಗೆ ನಿಜವಾಗಿ ಆತಂಕವಿರುವುದು ವಿಮಾನದ ಬಗೆಗಲ್ಲ, ಸೆಕೆಯ ಬಗೆಗೆ. ಸುಮಾರು 27 ಡಿಗ್ರಿ ದಾಟಿತೆಂದರೆ ಗಿನಿಪಿಗ್ ಬಳಲತೊಡಗುತ್ತದೆ. ನಮ್ಮ ತಂಪಿನಲ್ಲಿ ಬೆಳೆದ ಪ್ರಾಣಿಯನ್ನು ಮಾಕುಟ್ಟ ಘಾಟಿ ಇಳಿಸಿ ಮೇ ತಿಂಗಳ ಕರಾವಳಿ ಸೆಕೆಗೆ ಒಯ್ದು, ಅಲ್ಲಿ ಗೋದಾಮಿನ ಮುಂದೆ ಕಾಯಿಸುವುದಕ್ಕಿಂತ, ದೂರವಾದರೂ ಬೆಂಗಳೂರಿನಿಂದ ನೇರ ವಿಮಾನ ಹಿಡಿಯುವುದೇ ಲೇಸು. ವಿಮಾನದಲ್ಲಿ ಕಳೆಯುವುದು ಸುಮಾರು ಮೂರು ಗಂಟೆ ಮಾತ್ರ. ದೆಹಲಿಯ ಹಗಲು 40 ಡಿಗ್ರಿ ದಾಟುವ ತಿಂಗಳದು; ತಡರಾತ್ರಿ ಅಥವಾ ನಸುಕಿನಲ್ಲಿ ಇಳಿಯುವ ವಿಮಾನವನ್ನೇ ಆರಿಸಿಕೊಳ್ಳಿ.

ರಟ್ಟಿನ ಪೆಟ್ಟಿಗೆಯನ್ನು ಅವು ಕಡಿದು ಹೊರಬರುತ್ತವೆ. ಗಾಳಿಯಾಡುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಎರಡು ವಾರ ಮೊದಲೇ ತಂದು, ಬಾಗಿಲು ತೆರೆದು ಗೂಡಿನ ಬಳಿಯಿಡಿ. ಅವು ತಾವಾಗಿ ಒಳಹೋಗಿ ಮಲಗತೊಡಗಿದ ಮೇಲೆ ಕಾರಿನಲ್ಲಿ ಗೋಣಿಕೊಪ್ಪಕ್ಕೊಮ್ಮೆ ಹೋಗಿಬನ್ನಿ. ಮರಳಿದ ಸ್ವಲ್ಪ ಹೊತ್ತಿನಲ್ಲೇ ಹುಲ್ಲು ಮುಕ್ಕುತ್ತಿದ್ದರೆ ಚಿಂತೆಯಿಲ್ಲ. ಮೂಲೆಯಲ್ಲಿ ಅಲುಗದೆ ಕುಳಿತಿದ್ದರೆ ಇನ್ನೂ ಒಂದೆರಡು ಬಾರಿ ಹೀಗೆಯೇ ಅಭ್ಯಾಸ ಮಾಡಿಸಿ. ದೆಹಲಿ ತಲುಪಿದ ಬಳಿಕ ಹಿಕ್ಕೆಯನ್ನು ಗಮನಿಸಿ. ಅದು ಕಿರಿದಾಗಿ ಒಣಗಿದ್ದರೆ ಅಥವಾ ಪ್ರಾಣಿ ಹುಲ್ಲು ಮುಟ್ಟದಿದ್ದರೆ ಮರುದಿನದವರೆಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ. ಗಿನಿಪಿಗ್ ನೋಡುವ ವೈದ್ಯರ ವಿಳಾಸವನ್ನು ಇಲ್ಲಿಂದ ಹೊರಡುವ ಮೊದಲೇ ಗುರುತು ಮಾಡಿಟ್ಟುಕೊಳ್ಳಿ.