ಮನೆಯವರು ನೋಡಿ ಮಾಡಿದ ಮದುವೆಯಲ್ಲಿ ಪ್ರೀತಿ ಆಮೇಲೆ ಬೆಳೆಯುತ್ತದೆ ಅಂತಾರೆ, ನಿಜವಾ?

ಬೆಳೆಯಬಹುದು. ಆದರೆ ಸುಮ್ನೆ ವರ್ಷ ಕಳೆದರೆ ಬೆಳೆಯುವುದಿಲ್ಲ.

1982ರಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಎಂಬ ಸಂಶೋಧಕರು ಜೈಪುರದ 50 ಜೋಡಿಗಳ ಅಧ್ಯಯನ ಮಾಡಿದರು. ಪ್ರೀತಿಸಿ ಮದುವೆಯಾದವರಲ್ಲಿ ಶುರುವಿನಲ್ಲಿ ಪ್ರೀತಿ ಜಾಸ್ತಿ ಇತ್ತು, ಐದು ವರ್ಷ ದಾಟಿದವರಲ್ಲಿ ಕಡಿಮೆ ಕಂಡಿತು. ಮನೆಯವರು ಮಾಡಿದ ಮದುವೆಗಳಲ್ಲಿ ಇದು ಉಲ್ಟಾ. ಹಿರಿಯರು ವಾಟ್ಸಾಪ್‌ನಲ್ಲಿ ಖುಷಿಯಿಂದ ಹಂಚುವಂಥ ಸುದ್ದಿ, ಅಲ್ವಾ! ಆದರೆ 50 ಜೋಡಿ ತೀರಾ ಚಿಕ್ಕ ಲೆಕ್ಕ. 2012ರಲ್ಲಿ ಅಮೆರಿಕದ ಭಾರತೀಯರ ನಡುವೆ ನಡೆದ ಇನ್ನೊಂದು ಅಧ್ಯಯನದಲ್ಲಿ ಎರಡು ಬಗೆಯ ಮದುವೆಗಳಿಗೂ ಅಂಥ ವ್ಯತ್ಯಾಸವೇ ಕಾಣಲಿಲ್ಲ.

ನನ್ನ ಪ್ರಕಾರ ದಿನದಿನದ ನಡವಳಿಕೆಯೇ ದೊಡ್ಡದು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಶಕಗಟ್ಟಲೆ ದಂಪತಿಗಳನ್ನು ಗಮನಿಸಿದವರು. ಸಂಸಾರಕ್ಕೆ ಜಗಳಕ್ಕಿಂತ ತಾತ್ಸಾರವೇ ಹೆಚ್ಚು ಅಪಾಯ ಅನ್ನುತ್ತಾರೆ. ಮಾತಾಡಿದಾಗ ಮೂಗು ಮುರಿಯುವುದು, ನಾಲ್ಕು ಜನರ ಮುಂದೆ ಹಂಗಿಸುವುದು, ಇಂಥವು. ಅವರು ಇನ್ನೊಂದನ್ನೂ ಗಮನಿಸಿದರು: ಒಬ್ಬರು ಸಣ್ಣದೇನೋ ಹೇಳಿದಾಗ ಇನ್ನೊಬ್ಬರು ಕಿವಿಗೊಡುತ್ತಾರಾ ಅನ್ನುವುದು. "ಅಮ್ಮನಿಗೆ ಜ್ವರವಂತೆ ಕಣ್ರೀ" ಅಂದಾಗ ಮೊಬೈಲ್ ಕೆಳಗಿಟ್ಟು "ಊರಿಗೆ ಹೋಗಿ ಬರೋಣ್ವಾ?" ಅಂತ ಕೇಳುವ ಗಂಡನ ಮೇಲೆ ಗೌರವ ಹುಟ್ಟದೇ ಇರುತ್ತಾ? ಅವನ ಅಪ್ಪ-ಅಮ್ಮನ ವಿಷಯದಲ್ಲಿ ಹೆಂಡತಿಗೂ ಇದೇ ಮಾತು.